ಗ್ಲೆನಿಸ್ ಟೋಲಿಯ ಚಳಿಗಾಲದ ಕ್ರಿಕೆಟ್

ಗ್ಲೆನಿಸ್ ಟೋಲಿಗೆ ಭೂಗೋಳ ಗೊತ್ತಿದ್ದದ್ದು ಮನೆಗೆಲಸದ ಮೂಲಕ. ಆಸ್ಟ್ರೇಲಿಯಾ ಎಂದರೆ ಪಾತ್ರೆ ತೊಳೆದಿಟ್ಟು, ಹಿಂಬಾಗಿಲಿನ ಚಿಲಕ ಹಾಕಿ, ಗಂಡನ ಗೊರಕೆ ಒಂದು ಲಯಕ್ಕೆ ಬಂದ ಮೇಲೆ ಶುರುವಾಗುವ ದೇಶ. ಭಾರತ, ಶ್ರೀಲಂಕಾ ಎಂದರೆ ನಾದಿಟ್ಟ ಬ್ರೆಡ್ಡಿನ ಹಿಟ್ಟು ಬಟ್ಟೆಯ ಕೆಳಗೆ ಉಬ್ಬುವ ಹೊತ್ತಿನ ದೇಶಗಳು. ದಕ್ಷಿಣ ಆಫ್ರಿಕಾ ತಿಂಡಿಯ ಜೊತೆಗೇ ಬರುತ್ತಿತ್ತು. ಮೊಟ್ಟೆ ಬೇಯುವಷ್ಟರಲ್ಲಿ ಒಂದು ಓವರ್, ಯಂತ್ರಕ್ಕೆ ಬಟ್ಟೆ ತುಂಬುವಷ್ಟರಲ್ಲಿ ಇನ್ನೊಂದು ಓವರ್ ಕೈಬಿಟ್ಟು ಹೋಗುತ್ತಿತ್ತು. ವೆಸ್ಟ್ ಇಂಡೀಸ್ ಮಾತ್ರ ಶುದ್ಧ ಅನ್ಯಾಯ. ಅದು ಮಧ್ಯಾಹ್ನ ಶುರುವಾಗಿ, ಸಂಜೆಯ ಊಟದ ಆಲೂಗಡ್ಡೆಯ ಮೇಲೆ ನೇರವಾಗಿ ಬಂದು ಬೀಳುತ್ತಿತ್ತು. ಬಾರ್ಬಡೋಸಿನಲ್ಲಿ ಆಡಿದ ಒಂದೇ ಒಂದು ಅವಧಿಯ ಆಟವನ್ನೂ ಅವಳು ಪೂರ್ತಿ ನೋಡಿದ್ದಿಲ್ಲ. ಆ ದ್ವೀಪದ ಮೇಲೆ ಅವಳಿಗೆ ಸಿಟ್ಟಿತ್ತು. ದ್ವೀಪದ್ದೇನು ತಪ್ಪು ಎಂದು ಗೊತ್ತಿದ್ದೂ ಇತ್ತು.

ಇದೆಲ್ಲ ಚಳಿಗಾಲದ ಮಾತು. ಬೇಸಿಗೆಯಲ್ಲಿ ಅವಳಿಗೆ ಕ್ರಿಕೆಟ್ ಸಿಗುತ್ತಿರಲಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಇಂಗ್ಲೆಂಡಿನ ಹ್ಯಾಲೋಫರ್ಡ್ ಊರಿನಲ್ಲಿ ಕೌಂಟಿ ತಂಡದ ಪಂದ್ಯವಿದ್ದ ದಿನವೆಲ್ಲ, ಅವಳು ಇರುತ್ತಿದ್ದದ್ದು ಸೆವರ್ನ್ ನದಿಯ ದಂಡೆಯ ಮೈದಾನದಲ್ಲೇ. ಆದರೆ ಮೈದಾನದ ಚಹಾ ಕೋಣೆಯಲ್ಲಿ. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಚಹಾ, ಕೇಕು ಹೊರಗೆ ಹೋಗುತ್ತಿದ್ದದ್ದು ಅದರಿಂದಲೇ. ಅದು ಕಾರು ನಿಲ್ಲಿಸುವ ಜಾಗಕ್ಕೆ ಮುಖ ಮಾಡಿತ್ತು. ಬೆನ್ನ ಹಿಂದಿನ ಗೋಡೆಯಾಚೆ ಆಟ ನಡೆಯುತ್ತಿತ್ತು. ಗ್ಲೆನಿಸ್ ಅದನ್ನು ಕಿವಿಯಿಂದ ನೋಡುತ್ತಿದ್ದಳು. ಉದ್ದವಾಗಿ ಎದ್ದು ನಿಧಾನ ಇಳಿಯುವ ಚಪ್ಪಾಳೆ ಎಂದರೆ ನೂರು. ಚುರುಕಾಗಿ ಬಂದು ನಿಂತುಬಿಡುವುದು ಐವತ್ತು. ಒಂದು 'ಹೋ' ಎದ್ದು ಅದರ ಹಿಂದೆ ಚಪ್ಪಾಳೆ ಬಂದರೆ ಎದುರಾಳಿಯ ವಿಕೆಟ್. ನಿಟ್ಟುಸಿರಿನ ಹಿಂದೆ ಬೂಟುಗಳ ಸದ್ದು ಬಂದರೆ ನಮ್ಮವನದ್ದು, ಏಕೆಂದರೆ ನಮ್ಮವನು ಔಟಾದರೆ ಕ್ಲಬ್ಬಿನ ಸದಸ್ಯರಿಗೆ ತಕ್ಷಣ ಚಹಾ ಬೇಕಾಗುತ್ತಿತ್ತು.

ಮದುವೆಗೆ ಮೊದಲು ಅವಳು ಇಡೀ ದಿನ ಆಟ ನೋಡಿದವಳು. ಅಪ್ಪನ ಪಕ್ಕ, ಹಲಗೆಯ ಬೆಂಚಿನ ಮೇಲೆ, ಮೊಣಕಾಲಿಗೆ ಕಂಬಳಿ ಹೊದ್ದು. ಕ್ಲೆಮೆಂಟ್ ಟೋಲಿಯ ಕಣ್ಣಿಗೆ ಬಿದ್ದದ್ದೂ ಅಲ್ಲೇ. "ಕ್ರಿಕೆಟ್ ಗೊತ್ತಿರೋ ಹುಡುಗಿ" ಎಂದು ಅವನು ಸ್ನೇಹಿತರ ಮುಂದೆ ಜಂಬ ಕೊಚ್ಚಿಕೊಂಡಿದ್ದ. ಮದುವೆಯಾದ ಮೇಲಿನ ಬೇಸಿಗೆಯಲ್ಲಿ ಅವನ ತಾಯಿ ಚಹಾ ಕೋಣೆಯ ಏಪ್ರನ್ ಬಿಚ್ಚಿ ಸೊಸೆಯ ಕೈಗೆ ಕೊಟ್ಟಳು. "ಈ ವಾರ ಒಂದು ಸಹಾಯ ಮಾಡಮ್ಮ" ಎಂದಿದ್ದಳು. ಆ ವಾರ ಇನ್ನೂ ಮುಗಿದಿಲ್ಲ.

ಕ್ಲೆಮ್ ಕೌಂಟಿಯ ಅಭಿಮಾನಿಗಳ ಸಂಘದ ಉಪಾಧ್ಯಕ್ಷ. ಸೆಪ್ಟೆಂಬರ್ ಕೊನೆಯ ಪಂದ್ಯ ಮುಗಿದ ಸಂಜೆ ದುರ್ಬೀನನ್ನು ಚೀಲಕ್ಕೆ ಹಾಕಿ ಬೀರುವಿನ ಮೇಲಿಡುತ್ತಿದ್ದ. ಅಲ್ಲಿಗೆ ಕ್ರಿಕೆಟ್ ಮುಗಿಯಿತು. ಆಮೇಲೆ ಜಗತ್ತಿನಲ್ಲಿ ಎಲ್ಲಿ ಯಾರು ಆಡಿದರೂ ಅದು ಕ್ರಿಕೆಟ್ ಅಲ್ಲ. ದುಬೈಯಲ್ಲಿ ಆಡುವವರು ಸರ್ಕಸ್ಸಿನವರು. ಸಿಡ್ನಿಯಲ್ಲಿ ಸಂಜೆ ಬಣ್ಣದ ಬಟ್ಟೆ ತೊಟ್ಟು ಆಡುವವರು ಪೈಜಾಮಾದವರು. ಢಾಕಾದಿಂದ ಜೊಹಾನ್ಸ್‌ಬರ್ಗಿಗೆ, ಅಲ್ಲಿಂದ ಇನ್ನೆಲ್ಲಿಗೋ ಹಾರಿ, ತೊಡೆಯ ಸ್ನಾಯು ಹರಿದುಕೊಂಡು ಏಪ್ರಿಲ್‌ಗೆ ವಾಪಸಾಗುವ ಬೌಲರ್‌ಗಳು ಕೂಲಿಯಾಳುಗಳು.

"ಬಿಳಿ ಬಟ್ಟೆ ಇಲ್ಲದ್ದು ಕ್ರಿಕೆಟ್ಟೇ ಅಲ್ಲ," ಎನ್ನುತ್ತಿದ್ದ ಕ್ಲೆಮ್.

ಬಿಳಿ ಬಟ್ಟೆಯ ವಿಷಯದಲ್ಲಿ ಗ್ಲೆನಿಸ್‌ಗೆ ತನ್ನದೇ ಅಭಿಪ್ರಾಯವಿತ್ತು. ಕ್ಲೆಮ್ ಊರಿನ ಕ್ಲಬ್ಬಿಗೆ ಆಡುತ್ತಿದ್ದ ಕಾಲದಲ್ಲಿ ಪ್ರತಿ ಭಾನುವಾರ ಅವನ ಪ್ಯಾಂಟಿನ ತೊಡೆಯ ಮೇಲಿನ ಚೆಂಡಿನ ಕೆಂಪು, ಮಂಡಿಯ ಮೇಲಿನ ಹುಲ್ಲಿನ ಹಸಿರು ಉಜ್ಜಿ ಉಜ್ಜಿ ಅವಳ ಗೆಣ್ಣು ಸುಲಿಯುತ್ತಿತ್ತು. ಟಿವಿಯಲ್ಲಿ ಮೊದಲ ಸಲ ಬಣ್ಣದ ಬಟ್ಟೆಯವರನ್ನು ಕಂಡಾಗ ಅವಳಿಗೆ ಅನಿಸಿದ್ದು ಒಂದೇ: ಇದನ್ನು ಕಂಡುಹಿಡಿದವನ ಹೆಂಡತಿ ಪುಣ್ಯವಂತೆ.

ಆದರೂ ಆ ಬಣ್ಣದ ಬಟ್ಟೆಯ ಲೀಗುಗಳು ಅವಳಿಗೂ ಹಿಡಿಸುತ್ತಿರಲಿಲ್ಲ. ಅಲ್ಲಿ ಚೆಂಡಿಗೂ ಚೆಂಡಿಗೂ ನಡುವೆ ಹಾಡು ಹಾಕುತ್ತಿದ್ದರು. ಜನ ಯಾವಾಗ ಚಪ್ಪಾಳೆ ತಟ್ಟಿದರು, ಎಷ್ಟು ತಟ್ಟಿದರು ಎಂದೇ ತಿಳಿಯುತ್ತಿರಲಿಲ್ಲ. ಅವಳಿಗೆ ಬೇಕಿದ್ದದ್ದು ಟೆಸ್ಟ್ ಪಂದ್ಯ. ಕತ್ತಲಿರುವಾಗಲೇ ಎದ್ದು, ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು ಬಿಡಿಸಿ, ಟಿವಿಯ ಸದ್ದನ್ನು ಪಿಸುಮಾತಿನಷ್ಟಕ್ಕೆ ಇಳಿಸಿ, ಬೌಲರನ ಕೈಯಿಂದ ಕೀಪರನ ಕೈವರೆಗೆ ಪ್ರತಿ ಚೆಂಡನ್ನೂ ನೋಡುತ್ತಿದ್ದಳು. ಹೊರಗೆ ಕಿಟಕಿಯ ಗಾಜಿಗೆ ಹಿಮ; ಒಳಗೆ ಚೆನ್ನೈಯ ಬಿಸಿಲು. ಕ್ಯಾಮೆರಾ ಮೈದಾನದ ಸುತ್ತ ತಿರುಗುವಾಗಲೆಲ್ಲ ಅವಳ ಕಣ್ಣು ಒಂದನ್ನು ಹುಡುಕುತ್ತಿತ್ತು. ಇಲ್ಲಿ ಅಡುಗೆಮನೆ ಎಲ್ಲಿದೆ? ವೆಲ್ಲಿಂಗ್ಟನ್ನಿನ ಹುಲ್ಲುದಿಬ್ಬ ತೋರಿಸುತ್ತಿದ್ದರು, ಕೇಪ್‌ಟೌನಿನ ಬೆಟ್ಟ ತೋರಿಸುತ್ತಿದ್ದರು. ಇಷ್ಟು ಜನಕ್ಕೆ ಚಹಾ ಕಾಸುತ್ತಿರುವವರನ್ನು ಯಾವ ದೇಶದವರೂ ತೋರಿಸಲಿಲ್ಲ.

ಗಂಡ ಏಳುವ ಹೊತ್ತಿಗೆ ಟಿವಿ ಆರಿರುತ್ತಿತ್ತು, ಇಸ್ತ್ರಿಯಾದ ಅಂಗಿಗಳು ಸಾಲಾಗಿ ತೂಗುತ್ತಿದ್ದವು. ಚಳಿಗಾಲದಲ್ಲಿ ತನ್ನ ಅಂಗಿಗಳು ಏಕೆ ಅಷ್ಟು ನೀಟಾಗಿರುತ್ತವೆ ಎಂದು ಅವನು ಒಂದು ದಿನವೂ ಕೇಳಲಿಲ್ಲ.

ಈ ವರ್ಷ ಎಲ್ಲ ಕೆಟ್ಟಿತು. ಜನವರಿಯಲ್ಲಿ ಸೆವರ್ನ್ ಉಕ್ಕಿ ಮೈದಾನ ಕೆರೆಯಾಯಿತು. ವಿಕೆಟ್ ನೆಡುವ ಜಾಗದಲ್ಲಿ ಹಂಸಗಳು ತೇಲಿದವು. ಪತ್ರಿಕೆಯವರು ಬಂದು ಫೋಟೊ ತೆಗೆದರು. ನೀರಿಳಿದಾಗ ಚಹಾ ಕೋಣೆಯ ಗೋಡೆಗೆ ಸೊಂಟದೆತ್ತರ ಕೆಸರು ಮೆತ್ತಿತ್ತು. ಅದರ ಫೋಟೊ ಯಾರೂ ತೆಗೆಯಲಿಲ್ಲ. ಗ್ಲೆನಿಸ್ ಮತ್ತು ಉಳಿದ ಹೆಂಗಸರು ಬಕೆಟ್ಟು, ಗಡಸು ಪೊರಕೆ ಹಿಡಿದು ಅದನ್ನು ಕೆರೆದು ತೆಗೆದರು. ಎಷ್ಟು ಸೋಪು ಹಾಕಿದರೂ ಉಗುರಿನ ಸಂದಿಯ ನದಿ ವಾಸನೆ ಹೋಗಲಿಲ್ಲ. ಕೆಸರು ಹೋದ ಮೇಲೆ ಸಂಘದ ಗಂಡಸರು ಬಂದು, ಗೋಡೆ ತಟ್ಟಿ ನೋಡಿ, ಕೋಣೆಯನ್ನು ಕೆಡವಿ ಹೊಸದಾಗಿ ಕಟ್ಟಬೇಕೆಂದು ತೀರ್ಮಾನಿಸಿದರು.

ಅದರ ಬೆನ್ನಿಗೇ ಕ್ಲೆಮ್‌ನ ಮಂಡಿಯ ಆಪರೇಷನ್ ಆಯಿತು. ಮೆಟ್ಟಿಲು ಹತ್ತಬಾರದು ಎಂದರು ಡಾಕ್ಟರು. ಅವನ ಹಾಸಿಗೆ ಮುಂದಿನ ಕೋಣೆಗೆ ಬಂತು, ಟಿವಿಯ ಎದುರಿಗೇ. ಇಸ್ತ್ರಿ ಮೇಜು ಅಡುಗೆಮನೆಗೆ ಹೋಯಿತು. ಗ್ಲೆನಿಸ್‌ಳ ಮುಂಜಾವುಗಳು ಎಲ್ಲಿಗೂ ಹೋಗಲಿಲ್ಲ, ಸುಮ್ಮನೆ ಇಲ್ಲವಾದವು. ಒಂದು ದಿನ ಸದ್ದು ಪೂರ್ತಿ ಆರಿಸಿ ಟಿವಿ ಹಾಕಿ ನೋಡಿದಳು.

"ಏನೇ ಅದು ಬೆಳಕು?" ಎಂದ ಕ್ಲೆಮ್ ದಿಂಬಿನಿಂದ. "ಆ ಸರ್ಕಸ್ ಆರಿಸು. ಎದ್ದಿದ್ದೀಯಲ್ಲ, ಒಂದು ಲೋಟ ಚಹಾ ಮಾಡು."

ಬೇರೆ ವರ್ಷವಾಗಿದ್ದರೆ ಅವಳು ಹಲ್ಲುಕಚ್ಚಿ ಬಿಟ್ಟುಬಿಡುತ್ತಿದ್ದಳೇನೋ. ಆದರೆ ಈ ವರ್ಷ ಜೋಯಲ್ ಆಂಫ್ಲೆಟ್ ಇದ್ದ. ನಮ್ಮ ಕೌಂಟಿಯ ಎಡಗೈ ಸ್ಪಿನ್ನರ್. ಶ್ರೀಲಂಕಾದ ಗಾಲೆಯಲ್ಲಿ ಇಂಗ್ಲೆಂಡ್ ಪರ ಮೊದಲ ಟೆಸ್ಟ್ ಆಡಲಿದ್ದಾನೆ ಎಂದು ಸುದ್ದಿ ಬಂದಿತ್ತು. ಮೀಸೆ ಮೂಡುವ ಮುಂಚಿನಿಂದ ಆ ಹುಡುಗ ಅವಳ ಕಿಟಕಿಗೆ ಬರುತ್ತಿದ್ದ. ಕಾಫಿ ಹಾಕಿದ ಆಕ್ರೋಟು ಕೇಕಿನ ಮೂಲೆಯ ತುಂಡೇ ಬೇಕು ಎನ್ನುತ್ತಿದ್ದ, ಅಲ್ಲಿ ಕೆನೆ ಜಾಸ್ತಿ ಎಂದು. ತಟ್ಟೆಗೆ ಚಾಚಿದ ಕೈಯಲ್ಲಿ, ತೋರುಬೆರಳಿನ ಬದಿಗೆ, ಚೆಂಡು ತಿರುಗಿಸಿ ತಿರುಗಿಸಿ ಕಟ್ಟಿದ್ದ ಗಂಟನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಆ ಬೆರಳಿನಿಂದ ಚೆಂಡು ಹೊರಟದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಗಾಲೆ ಶುರುವಾಗುವುದು ಹಿಟ್ಟು ಉಬ್ಬುವ ಹೊತ್ತಿಗೆ. ನೋಡಲೇಬೇಕು ಎಂದುಕೊಂಡಳು. ಕ್ಲೆಮ್ ಗೊಣಗಿದರೆ ಗೊಣಗಲಿ.

ಕ್ಲೆಮ್ ಗೊಣಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ. ಪಂದ್ಯದ ಹಿಂದಿನ ಸಂಜೆ ಫೋನ್ ಹಿಡಿದು ಕೂತ.

"ನಮ್ಮ ಹುಡುಗ ಆಡ್ತಿದಾನೆ ಅಂದ್ಮೇಲೆ ನೋಡ್ದೆ ಇರಕ್ಕಾಗತ್ತೇನೋ ನಾರ್ಮನ್? ಬಾ, ವಿಲ್ಫ್‌ನೂ ಕರ್ಕೊಂಡು ಬಾ. ಅಯ್ಯೋ, ತೊಂದರೆ ಏನು ಬಂತು? ಗ್ಲೆನಿಸ್ ಹೇಗಿದ್ರೂ ಎದ್ದೇ ಇರ್ತಾಳೆ."

ನಾರ್ಮನ್ ಹಾಜೆಟ್ಸ್ ಸಂಘದ ಅಧ್ಯಕ್ಷ. ಕೆಲಸದಲ್ಲಿದ್ದಾಗ ಕಟ್ಟಡಗಳ ನಕ್ಷೆ ಬರೆಯುತ್ತಿದ್ದ. ವಿಲ್ಫ್ ಬೇಲಿಸ್ ಖಜಾಂಚಿ, ಹೆಂಡತಿ ತೀರಿಕೊಂಡ ಮೇಲೆ ಬಿಸಿ ಊಟಕ್ಕಾಗಿ ಯಾರ ಮನೆಗೂ ಹೋಗಬಲ್ಲವನು. ಚಳಿಗಾಲದ ಕ್ರಿಕೆಟ್ಟಿಗೆ ಉಗಿಯುವುದರಲ್ಲಿ ಮೂವರೂ ಒಂದೇ. ಆ ಮುಂಜಾನೆ ಒದ್ದೆ ಕೋಟುಗಳನ್ನು ಗ್ಲೆನಿಸ್‌ಳ ತೋಳಿನ ಮೇಲೆ ಹೇರಿ, ಮುಂದಿನ ಕೋಣೆಯ ಒಳ್ಳೆಯ ಕುರ್ಚಿಗಳಲ್ಲಿ ಕೂತರು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಲಂಕಾದವರ ಬ್ಯಾಟಿಂಗ್. ಹಿನ್ನೆಲೆಯಲ್ಲಿ ಕೋಟೆ, ಅದರಾಚೆ ಸಮುದ್ರ. ಜೋಯಲ್ ಗಡಿಗೆರೆಯ ಬಳಿ ನಿಂತು ಟೊಪ್ಪಿ ಸರಿಮಾಡಿಕೊಳ್ಳುತ್ತಿದ್ದ.

"ಗ್ಲೆನ್, ಬೇಕನ್ ಇದೆಯೇನಮ್ಮ?" ಎಂದ ವಿಲ್ಫ್.

"ಇದೆ. ಆಟ ಊಟಕ್ಕೆ ನಿಂತಾಗ ಮಾಡ್ತೀನಿ."

"ಅಷ್ಟೊತ್ತಿಗೆ ಇವನು ಹಸಿವಿಂದ ಸತ್ತಿರ್ತಾನೆ," ಎಂದ ಕ್ಲೆಮ್. "ಹೋಗೇ, ಎರಡು ನಿಮಿಷದ ಕೆಲಸ. ಈ ವೇಗದ ಬೌಲರ್‌ಗಳು ಏನೂ ಮಾಡಲ್ಲ ಬಿಡು. ಜೋಯಲ್ ಬಂದ್ರೆ ಕರೀತೀನಿ."

ಬೇಕನ್ ಎರಡು ನಿಮಿಷದ ಕೆಲಸ ಎಂದು ನಂಬಿದವರು ಅದನ್ನು ಒಮ್ಮೆಯೂ ಹುರಿದವರಲ್ಲ. ಅವಳು ಬಾಣಲೆ ಇಟ್ಟು ಹಂದಿಮಾಂಸದ ತೆಳು ಚೂರುಗಳನ್ನು ಹಾಕಿದಳು, ಬ್ರೆಡ್ ಕೊಯ್ದಳು, ಚಹಾಕ್ಕೆ ನೀರಿಟ್ಟಳು. ಅಷ್ಟರಲ್ಲಿ ಒಳಗಿನಿಂದ ಬಂತು, ಗೋಡೆಯಾಚೆಯಿಂದ, ಅವಳಿಗೆ ಚೆನ್ನಾಗಿ ಗೊತ್ತಿದ್ದ ಸದ್ದು. ಮೊದಲು 'ಹೋ'. ಹಿಂದೆಯೇ ಚಪ್ಪಾಳೆ.

ಬಾಣಲೆ ಹಿಡಿದೇ ಓಡಿದಳು. "ಅವನಿಗಾ? ಜೋಯಲ್‌ಗಾ?"

"ಮತ್ತಿನ್ಯಾರಿಗೆ! ಎಂಥಾ ಚೆಂಡು ಅಂತೀಯ!" ಕ್ಲೆಮ್ ಊರುಗೋಲಿನಿಂದ ನೆಲ ಕುಟ್ಟುತ್ತಿದ್ದ.

"ಕರೀತೀನಿ ಅಂದಿದ್ದೆ."

"ಮರೆತುಹೋಯ್ತು ಕಣೇ. ನಾವು ಉಸಿರು ಹಿಡ್ಕೊಂಡು ಕೂತಿದ್ವಿ, ನಿನ್ನ ಕರೆಯೋದು ಯಾರಿಗೆ ನೆನಪಾಗತ್ತೆ?"

ಪರದೆಯ ಮೇಲೆ ಅದನ್ನೇ ಮತ್ತೆ ನಿಧಾನವಾಗಿ ತೋರಿಸಲು ಶುರುಮಾಡಿದರು. ಗ್ಲೆನಿಸ್ ಒಂದು ಹೆಜ್ಜೆ ಮುಂದೆ ಬಂದಳು.

"ಸ್ವಲ್ಪ ಆ ಕಡೆ ಸರಿಯಮ್ಮ," ಎಂದ ನಾರ್ಮನ್, ಕತ್ತು ಬಾಗಿಸಿ. "ನಿನ್ನ ಬೆನ್ನ ಮೇಲೆ ಆಟ ಮೂಡಲ್ಲ."

ಮೂವರೂ ನಕ್ಕರು. ಅವಳು ಸರಿದಳು. ಸರಿಯುವಷ್ಟರಲ್ಲಿ ಅದೂ ಮುಗಿದಿತ್ತು. ಪರದೆಯ ಮೇಲೆ ಯಾರೋ ಒಬ್ಬಳು ಟೂತ್‌ಪೇಸ್ಟ್ ಹಿಡಿದು ನಗುತ್ತಿದ್ದಳು. ಬಾಣಲೆಯಿಂದ ಒಂದು ಹನಿ ಕೊಬ್ಬು ಅವಳ ಪಾದದ ಮೇಲೆ ಬಿತ್ತು. ಅವಳು ಅಲ್ಲಾಡಲಿಲ್ಲ.

ಆ ದಿನ ಅವರು ಇನ್ನಷ್ಟು ಚಹಾ, ಇನ್ನಷ್ಟು ಬ್ರೆಡ್ ಎಂದು ಕರೆಯುತ್ತಲೇ ಇದ್ದರು; ಜೋಯಲ್‌ನ ಇನ್ನೊಂದು ಚೆಂಡೂ ಅವಳಿಗೆ ಕಾಣಸಿಗಲಿಲ್ಲ. ಗಾಲೆಯಲ್ಲಿ ಊಟಕ್ಕೆ ಬಿಟ್ಟಾಗ ನಾರ್ಮನ್ ಕೋಟಿನ ಒಳಜೇಬಿನಿಂದ ಸುರುಳಿ ತೆಗೆದ. ಹೊಸ ಚಹಾ ಕೋಣೆಯ ನಕ್ಷೆ. ಹರಡಲು ಬೇರೆ ಜಾಗ ಕಾಣದೆ ಅಡುಗೆಮನೆಗೆ ಬಂದು, ಅವಳ ಇಸ್ತ್ರಿ ಮೇಜಿನ ಮೇಲೆ, ಅರ್ಧ ಇಸ್ತ್ರಿಯಾದ ಕ್ಲೆಮ್‌ನ ಅಂಗಿಯ ಮೇಲೆಯೇ ಬಿಡಿಸಿದ. ಕ್ಲೆಮ್ ಊರುಗೋಲು ಊರುತ್ತ ಹಿಂದೆ ಬಂದ.

"ನೋಡು, ನಿನಗೋಸ್ಕರ ಅಂತಲೇ ಎರಡು ಸಿಂಕ್ ಹಾಕಿಸ್ತಿದೀವಿ," ಎಂದ ನಾರ್ಮನ್. "ಸ್ಟೀಲಿನವು. ಟೈಲ್ಸ್ ಯಾವ ಬಣ್ಣ ಅಂತ ನೀನೇ ಹೇಳ್ಬೇಕು. ಅದು ಪೂರ್ತಿ ನಿನಗೆ ಬಿಟ್ಟಿದ್ದು."

ಗ್ಲೆನಿಸ್ ನಕ್ಷೆಯ ಮೇಲೆ ಬೆರಳಿಟ್ಟಳು. "ಕಿಟಕಿ ಇಲ್ಲೇ ಇದೆಯಲ್ಲ. ಕಾರುಗಳ ಕಡೆ."

"ಹ್ಞೂಂ, ಮೊದಲಿದ್ದ ಕಡೆಗೇ."

"ಈ ಕಡೆ ತಿರುಗಿಸಿ. ಮೈದಾನದ ಕಡೆ."

ನಾರ್ಮನ್ ಸಣ್ಣ ಮಗುವಿಗೆ ಹೇಳುವಂತೆ ಹೇಳಿದ. "ಅಲ್ಲಿ ಕ್ಯೂ ನಿಂತರೆ ಸ್ಟ್ಯಾಂಡಲ್ಲಿ ಕೂತವರಿಗೆ ಆಟ ಕಾಣಲ್ಲ, ಗ್ಲೆನ್."

"ನನಗೆ?"

"ನಿನಗೆ ಏನು?"

"ನನಗೂ ಆಟ ಕಾಣಲ್ವಲ್ಲ, ಇಷ್ಟು ವರ್ಷದಿಂದ."

ಕ್ಲೆಮ್ ನಕ್ಕ. ಕೆಟ್ಟ ನಗುವಲ್ಲ, ನಿಜವಾಗಿಯೂ ತಮಾಷೆ ಎನಿಸಿ ನಕ್ಕದ್ದು. ಅದನ್ನೇ ಅವಳು ಕ್ಷಮಿಸದೆ ಹೋದದ್ದು.

"ನಿನಗ್ಯಾಕೆ ಆಟ? ಬೆಳಿಗ್ಗೆ ಇಸ್ತ್ರಿ ಮಾಡೋವಾಗ ಎದುರಿಗೆ ಏನಾದ್ರೂ ಅಲ್ಲಾಡ್ತಿರಬೇಕು ನಿನಗೆ, ಅಷ್ಟೇ ತಾನೆ. ನೀನು ಕೇಕ್ ನೋಡ್ಕೊ, ಆಟ ನಾವು ನೋಡ್ಕೋತೀವಿ."

"ಹಳದಿ ಟೈಲ್ಸ್ ಚೆನ್ನಾಗಿರತ್ತೆ," ಎಂದ ವಿಲ್ಫ್ ಬಾಗಿಲಿನಿಂದ, ಬಾಯಿತುಂಬ ಸ್ಯಾಂಡ್‌ವಿಚ್ ಇಟ್ಟುಕೊಂಡು.

ಹಾಗಾದರೆ ಕ್ಲೆಮ್‌ಗೆ ಗೊತ್ತಿತ್ತು. ಅಷ್ಟು ಮುಂಜಾವುಗಳಲ್ಲಿ ಅವಳು ಟಿವಿ ಹಾಕುತ್ತಿದ್ದದ್ದು ಗೊತ್ತಿತ್ತು. ಅವಳು ನೋಡುತ್ತಿದ್ದಳು ಎಂಬುದು ಮಾತ್ರ ಹೊಳೆದಿರಲಿಲ್ಲ. ಗ್ಲೆನಿಸ್ ನಕ್ಷೆಯನ್ನು ಸುರುಳಿ ಸುತ್ತಿ ನಾರ್ಮನ್‌ನ ಕೈಗೆ ಕೊಟ್ಟಳು. ಕೆಳಗಿದ್ದ ಅಂಗಿ ಮುದ್ದೆಯಾಗಿತ್ತು. ಅದನ್ನು ಹಾಗೇ ಬಿಟ್ಟಳು.

ಮರುದಿನ ಮುಂಜಾನೆ ಕ್ಲೆಮ್ ಊರುಗೋಲು ಹಿಡಿದು ಹಿಂದಿನ ಶೌಚಾಲಯಕ್ಕೆ ಹೋದ. ಮಂಡಿ ಸರಿಯಿದ್ದ ದಿನಗಳಲ್ಲೇ ಅವನು ಅಲ್ಲಿಗೆ ಹೋದರೆ ಒಂದು ಅವಧಿಯ ಆಟ ಮುಗಿಸಿ ಬರುವವನು. ಗ್ಲೆನಿಸ್ ಟಿವಿಯ ತಂತಿಗಳನ್ನು ಕಳಚಿದಳು. ಚಪ್ಪಟೆ ಟಿವಿ ಒಗೆದ ಒದ್ದೆ ಕಂಬಳಿಗಿಂತ ಭಾರವಿರಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಮಾತ್ರ ಒಂದು ಮೂಲೆ ಗೋಡೆಗೆ ತಾಗಿ ಸುಣ್ಣ ಉದುರಿತು. ಮಗಳು ಮನೆಯಲ್ಲಿದ್ದಾಗ ಅವಳ ಕೋಣೆಗೆ ಎಳೆಸಿದ್ದ ತಂತಿ ಇನ್ನೂ ಅಲ್ಲೇ ಇತ್ತು. ಜೋಡಿಸಿದಳು. ಒಂದೇ ಕುರ್ಚಿ ಇತ್ತು. ಅದನ್ನು ಪರದೆಯ ಎದುರಿಗೆ ಎಳೆದಳು. ಥರ್ಮಾಸಿನಲ್ಲಿ ಚಹಾ ಮೊದಲೇ ತುಂಬಿಸಿಟ್ಟಿದ್ದಳು. ಕಾಫಿ ಕೇಕಿನ ಒಂದು ತುಂಡನ್ನೂ ತಂದಿದ್ದಳು, ಮೂಲೆಯದ್ದು. ಬಾಗಿಲ ಅಗುಳಿ ಹಾಕಿದಳು.

ಕೆಳಗೆ ಮೊದಲು ಊರುಗೋಲಿನ ಸದ್ದು, ಆಮೇಲೆ ಕ್ಲೆಮ್‌ನ ಕೂಗು.

"ಗ್ಲೆನ್! ಟಿವಿ ಎಲ್ಲೇ? ಕಳ್ಳರು ಬಂದಿದ್ರಾ?"

"ಮೇಲಿದೆ."

"ಮೇಲೆ ಯಾಕಿದೆ?"

"ನಾನು ನೋಡ್ತಿದೀನಿ."

ಅಷ್ಟರಲ್ಲಿ ಬಾಗಿಲ ಗಂಟೆ ಮೊಳಗಿತು. ಅವನೇ ಕುಂಟುತ್ತ ಹೋಗಿ ತೆಗೆದ. ಕೆಳಗೆ ಗುಸುಗುಸು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ, ಬಾಗಿಲ ಮೇಲೆ ಮೃದುವಾಗಿ ಎರಡು ಬಡಿತ.

"ಗ್ಲೆನಿಸ್, ನಾನು ನಾರ್ಮನ್. ಏನಮ್ಮ ಇದೆಲ್ಲ? ತೆಗಿ, ಕೂತು ಮಾತಾಡೋಣ."

"ಕೂರೋಕೆ ಒಂದೇ ಕುರ್ಚಿ ಇರೋದು."

"ನಾನು ನಿಂತೇ ನೋಡ್ತೀನಿ."

"ನಿನ್ನ ಬೆನ್ನ ಮೇಲೆ ಆಟ ಮೂಡಲ್ಲ, ನಾರ್ಮನ್."

ಹೊರಗೆ ಒಂದು ಕೆಮ್ಮು. "ನಿನ್ನೆ ಹೇಳಿದ್ದು ತಮಾಷೆಗೆ ಕಣಮ್ಮ. ಆ ಕಿಟಕಿದೇ ಸಿಟ್ಟಾದ್ರೆ, ಆಯ್ತು, ತಿರುಗಿಸ್ತೀನಿ. ಮೈದಾನದ ಕಡೆಗೇ. ಸಂಘದವರ ಹತ್ರ ನಾನೇ ಮಾತಾಡ್ತೀನಿ. ಆಯ್ತಾ?"

"ತಿರುಗಿಸು. ತಿರುಗಿಸಿ, ಅದರ ಹಿಂದೆ ಏಪ್ರನ್ ಕಟ್ಕೊಂಡು ನೀನು ನಿಲ್ಲು. ಏಪ್ರಿಲ್‌ನಲ್ಲಿ ನಾನು ಕ್ಯೂನಲ್ಲಿ ಬರ್ತೀನಿ."

"ನೀನಿಲ್ದೆ ಚಹಾ ಕೋಣೆ ನಡೆಯೋದು ಹೇಗೆ?"

"ಎರಡು ಸಿಂಕ್ ಇದೆಯಲ್ಲ. ಸ್ಟೀಲಿಂದು."

ಹೆಜ್ಜೆಗಳು ಇಳಿದು ಹೋದವು. ಕೆಳಗೆ ವಿಲ್ಫ್, "ಹಾಗಾದ್ರೆ ಬೇಕನ್?" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. "ನೀನೇ ಹುರ್ಕೊ!" ಎಂದು ಕ್ಲೆಮ್ ರೇಗಿದ. ಕಪಾಟುಗಳು ತೆರೆದವು, ಮುಚ್ಚಿದವು, ಮತ್ತೆ ತೆರೆದವು. ಬಾಣಲೆ ಎಲ್ಲಿರುತ್ತದೆ ಎಂದು ಆ ಮನೆಯ ಯಜಮಾನನಿಗೆ ತಿಳಿದಿರಲಿಲ್ಲ.

"ನನ್ನ ಫೋನಲ್ಲಿ ಸ್ಕೋರ್ ಬರತ್ತೆ, ತಡಿ," ಎಂದ ನಾರ್ಮನ್.

"ಅದು ಯಾವಾಗ್ಲೂ ತಡ," ಎಂದ ಕ್ಲೆಮ್. "ಸುಮ್ನಿರ್ರೋ, ಮೇಲಿಂದ ಏನಾದ್ರೂ ಕೇಳಿಸತ್ತಾ ನೋಡೋಣ. ಚಪ್ಪಾಳೆ ಬಿದ್ರೆ ಗೊತ್ತಾಗತ್ತೆ."

ಗ್ಲೆನಿಸ್ ಇದನ್ನು ಕೇಳಿದಳು. ಟಿವಿಯ ಸದ್ದು ಇಳಿಸುವ ಗುಂಡಿಯ ಮೇಲೆ ಬೆರಳಿಟ್ಟು, ಪೂರ್ತಿ ಇಳಿಯುವವರೆಗೆ ಒತ್ತಿ ಹಿಡಿದಳು.

ಗಾಲೆಯಲ್ಲಿ ಬಿಸಿಲು ಏರುತ್ತಿತ್ತು. ಹಿಂದಿನ ದಿನ ಔಟಾಗದೆ ಉಳಿದವನೊಬ್ಬ ನಿಶ್ಚಿಂತೆಯಿಂದ ಆಡುತ್ತಿದ್ದ. ನಾಯಕ ಜೋಯಲ್‌ನತ್ತ ಚೆಂಡು ಎಸೆದ. ಅವನು ಅದನ್ನು ಹಿಡಿದು, ಬಲಗೈಗೆ, ಎಡಗೈಗೆ, ಮತ್ತೆ ಬಲಗೈಗೆ ದಾಟಿಸುತ್ತ ತನ್ನ ಗುರುತಿಗೆ ನಡೆದ. ಕ್ಯಾಮೆರಾ ಅವನ ಕೈಯ ಹತ್ತಿರ ಹೋಯಿತು. ತೋರುಬೆರಳಿನ ಗಂಟು ಕಂಡಿತು. ಅವಳು ಮುಂದಕ್ಕೆ ಬಾಗಿದಳು.

ಅವನ ಓಟ ಅವಳು ಊಹಿಸಿಕೊಂಡಿದ್ದಂತೆ ಇರಲೇ ಇಲ್ಲ. ಓಟವೇ ಅಲ್ಲ ಅದು. ಕೇಕಿನ ತಟ್ಟೆ ಹಿಡಿದು ಜನರ ನಡುವೆ ಹೋಗುವವನ ಹಾಗೆ ನಾಲ್ಕಾರು ಹುಷಾರಿನ ಹೆಜ್ಜೆ, ಕೊನೆಯಲ್ಲಿ ಒಂದು ಸಣ್ಣ ನೆಗೆತ. ಚೆಂಡು ಬೆರಳಿನಿಂದ ಮೇಲಕ್ಕೆ ಹೊರಟಿತು, ಬ್ಯಾಟಿನವನ ಕಣ್ಣಿಗಿಂತ ಎತ್ತರಕ್ಕೆ. ಅವನು ಕಾಲು ಮುಂದಿಟ್ಟ. ಚೆಂಡು ಅವನು ಅಂದುಕೊಂಡದ್ದಕ್ಕಿಂತ ಒಂದು ಗೇಣು ಹಿಂದೆಯೇ ಇಳಿದು, ನೆಲ ಕಚ್ಚಿ, ತಿರುಗಿ, ಬ್ಯಾಟಿನ ಅಂಚು ಸವರಿ, ಸ್ಲಿಪ್‌ನಲ್ಲಿದ್ದವನ ಎರಡೂ ಕೈಗಳ ನಡುವೆ ಕೂತಿತು.

ಪೂರ್ತಿ ನೋಡಿದಳು. ಕೈಯಿಂದ ಕೈವರೆಗೆ.

ಜೋಯಲ್‌ನ ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಹುಡುಗರೆಲ್ಲ ಅವನ ಮೇಲೆ ಬಿದ್ದರು. ಗ್ಲೆನಿಸ್‌ಳ ಎರಡೂ ಅಂಗೈಗಳು ತಾವಾಗಿಯೇ ಮೇಲೆದ್ದವು, ಚಪ್ಪಾಳೆಗೆ. ಕೆಳಗೆ ಮೂವರೂ ಉಸಿರು ಹಿಡಿದು ನಿಂತಿದ್ದರು. ಅದು ಅವಳಿಗೆ ನೆಲದ ಹಲಗೆಯ ಮೂಲಕವೇ ಗೊತ್ತಾಗುತ್ತಿತ್ತು.

ಎತ್ತಿದ ಕೈಗಳನ್ನು ಹಾಗೆಯೇ ಇಳಿಸಿ ತೊಡೆಯ ಮೇಲಿಟ್ಟುಕೊಂಡಳು. ಗೋಡೆಯಾಚೆ ನಿಂತಿದ್ದ ಅವಳಿಗೆ ಅಷ್ಟು ವರ್ಷ ಸಿಕ್ಕಿದ್ದು ಚಪ್ಪಾಳೆ ಒಂದೇ. ಅದನ್ನೂ ಅವರಿಗೆ ಕೊಡಬೇಕಾಗಿಲ್ಲ.

"ಗ್ಲೆನ್?" ಕ್ಲೆಮ್‌ನ ದನಿ ಈಗ ಮೆಟ್ಟಿಲ ಬುಡದಿಂದ ಬಂತು. "ಗ್ಲೆನ್, ಏನಾದ್ರೂ ಆಯ್ತೇನೇ?"

ಸುಟ್ಟ ಬೇಕನ್ನಿನ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬರುತ್ತಿತ್ತು. ಗ್ಲೆನಿಸ್ ಹೊದ್ದಿದ್ದ ಶಾಲನ್ನು ಆ ಸಂದಿಗೆ ತುರುಕಿ ಬಂದು ಕೂತಳು. ಕೇಕಿನ ಮೂಲೆ ಮುರಿದು ಬಾಯಿಗಿಟ್ಟುಕೊಂಡಳು. ಹೊಸ ಬ್ಯಾಟ್ಸ್‌ಮನ್ ಕೋಟೆಯ ನೆರಳಿನ ಕಡೆಯಿಂದ ಮೈದಾನಕ್ಕೆ ಇಳಿಯುತ್ತಿದ್ದ. ಜೋಯಲ್ ಚೆಂಡನ್ನು ಪ್ಯಾಂಟಿನ ತೊಡೆಗೆ ಉಜ್ಜಿದ. ಬಿಳಿಯ ಮೇಲೆ ಕೆಂಪು ಮೆತ್ತಿಕೊಂಡಿತು.

ಯಾರಾದರೂ ಒಗೆದುಕೊಳ್ಳಲಿ, ಎಂದುಕೊಂಡಳು ಗ್ಲೆನಿಸ್.